ಪರ್ಯಾಯದ ರಾತ್ರಿ ಬಂದ ಒಂದು ಡಾಲರ್ ಸಂದೇಶ

2024ರ ಜನವರಿ 17ರ ರಾತ್ರಿ ಉಡುಪಿ ಮಲಗಿರಲಿಲ್ಲ. ಬೆಳಗಾದರೆ ಪುತ್ತಿಗೆ ಮಠದ ಪರ್ಯಾಯ. ಎರಡು ವರ್ಷಕ್ಕೊಮ್ಮೆ ಕೃಷ್ಣನ ಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದು ಮಠಕ್ಕೆ ಸಲ್ಲುವ ಆ ಬೆಳಗಿನ ಜಾವಕ್ಕಾಗಿ ಮಂಗಳೂರು, ಕುಂದಾಪುರ, ಕಾರ್ಕಳದ ಕಡೆಯಿಂದೆಲ್ಲ ಜನ ಬಂದು ಸೇರಿದ್ದರು. ನಮ್ಮ ಮನೆಯಲ್ಲೂ ಹದಿನಾಲ್ಕು ಮಂದಿ ನೆಂಟರು. ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಹನ್ನೊಂದೂವರೆಗೆ ನಾವೆಲ್ಲ ಪರ್ಯಾಯದ ಮೆರವಣಿಗೆ ಹೊರಡುವ ಜೋಡುಕಟ್ಟೆಯ ಕಡೆಗೆ ಹೊರಟೆವು. ಚೆಂಡೆಯ ಸದ್ದು, ಸಾಲುದೀಪ, ಸ್ತಬ್ಧಚಿತ್ರಗಳ ಸಾಲು, ಕಾಲಿಡಲು ಜಾಗವಿರಲಿಲ್ಲ.

ಹನ್ನೆರಡು ಗಂಟೆ ಹದಿನೆಂಟು ನಿಮಿಷಕ್ಕೆ ಕೈಚೀಲದೊಳಗೆ ಮೊಬೈಲ್ ಒಮ್ಮೆ ಅದುರಿತು. ನನ್ನ ಕ್ರೆಡಿಟ್ ಕಾರ್ಡಿನಲ್ಲಿ 1 ಡಾಲರ್ ಖರ್ಚಾಗಿದೆ ಎಂಬ ಸಂದೇಶ. ಅಂಗಡಿಯ ಹೆಸರು ಓದಿದರೆ ಏನೂ ತಿಳಿಯುವಂತಿರಲಿಲ್ಲ. ನಾಲ್ಕೈದು ಅಕ್ಷರ, ಅದರ ಹಿಂದೆ ಒಂದಿಷ್ಟು ಅಂಕೆ. ಮಗಳು ಜರ್ಮನಿಯ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುತ್ತಿದ್ದ ಸಮಯವದು. ಅವಳದೇ ಏನೋ ಇರಬೇಕು, 83 ರೂಪಾಯಿ ತಾನೇ, ನಾಳೆ ಕೇಳಿದರಾಯಿತು ಎಂದುಕೊಂಡು ಮೊಬೈಲನ್ನು ಚೀಲಕ್ಕೆ ಹಾಕಿದೆ.

ಆ ಸಂದೇಶವನ್ನು ಅಲ್ಲಿಯೇ ನಿಂತು ಪ್ರಶ್ನಿಸಬೇಕಿತ್ತು. ಕಾರ್ಡಿನ ವಿವರ ಕದ್ದವರು ಸಾಮಾನ್ಯವಾಗಿ ಮೊದಲೇ ದೊಡ್ಡ ಮೊತ್ತಕ್ಕೆ ಕೈ ಹಾಕುವುದಿಲ್ಲ. ಕಾರ್ಡ್ ಇನ್ನೂ ಚಾಲ್ತಿಯಲ್ಲಿದೆಯೇ, ವಿದೇಶದ ವ್ಯವಹಾರ ಅದರಲ್ಲಿ ನಡೆಯುತ್ತದೆಯೇ ಎಂದು ನೋಡಲು ಒಂದು ಡಾಲರಿನಷ್ಟು ಪುಡಿ ಮೊತ್ತವನ್ನು ಹಾಕಿ ಪರೀಕ್ಷಿಸುತ್ತಾರೆ. ಅದು ಸಾಗಿತೆಂದರೆ ಮುಂದಿನದು ನಿಮಿಷಗಳ ಕೆಲಸ. ಆದ್ದರಿಂದ ಈ ಬರಹ ಓದುವವರಲ್ಲಿ ನನ್ನ ಮೊದಲ ಕೋರಿಕೆ ಇದೇ: ದೊಡ್ಡ ಮೊತ್ತದ ಸಂದೇಶ ಯಾರನ್ನಾದರೂ ಎಚ್ಚರಿಸುತ್ತದೆ, ನೀವು ಸಣ್ಣ ಮೊತ್ತದ ಸಂದೇಶಕ್ಕೆ ಎಚ್ಚರಗೊಳ್ಳಿ.

ಒಂದೂ ನಲವತ್ತರ ಹೊತ್ತಿಗೆ ಮತ್ತೆರಡು ಸಂದೇಶ ಒಟ್ಟಿಗೆ ಬಂದವು. 398 ಡಾಲರ್, 245 ಡಾಲರ್. ವ್ಯವಹಾರ ನಡೆದ ಸಮಯ 12.52 ಮತ್ತು 12.54 ಎಂದಿತ್ತು. ಅಷ್ಟು ಜನ ಒಂದೇ ಜಾಗದಲ್ಲಿ ಸೇರಿದ್ದರಿಂದ ನೆಟ್‌ವರ್ಕ್ ಕುಸಿದು, ಸಂದೇಶಗಳು ಮುಕ್ಕಾಲು ಗಂಟೆ ತಡವಾಗಿ ನನ್ನನ್ನು ತಲುಪಿದ್ದವು. ಒಟ್ಟು 644 ಡಾಲರ್. ರೂಪಾಯಿಗೆ ತಿರುಗಿಸಿ, ವಿದೇಶಿ ವಿನಿಮಯದ ಶುಲ್ಕವನ್ನೂ ಸೇರಿಸಿದರೆ 55 ಸಾವಿರ ದಾಟುತ್ತಿತ್ತು. ಕಾಲೇಜಿನಲ್ಲಿ ಪಾಠ ಮಾಡಿ ಬದುಕುವ ನನ್ನಂಥವಳಿಗೆ ಅದು ಸಣ್ಣ ಹಣವಲ್ಲ. ಚೆಂಡೆಯ ಸದ್ದಿನ ನಡುವೆ ನನ್ನ ಎದೆಬಡಿತ ನನಗೇ ಕೇಳಿಸಿತು.

ಬ್ಯಾಂಕಿನ ಆ್ಯಪ್ ತೆರೆಯಲು ನೋಡಿದೆ, ತಿರುಗುವ ವೃತ್ತದ ಆಚೆಗೆ ಅದು ಹೋಗಲೇ ಇಲ್ಲ. ಭಾವನವರ ಮಗ, ಇಂಜಿನಿಯರಿಂಗ್ ಓದುವ ಹುಡುಗ, ಪಕ್ಕದಲ್ಲಿದ್ದ. ಅವನ ಮೊಬೈಲಿನಲ್ಲಿ ಅಷ್ಟಿಷ್ಟು ನೆಟ್‌ವರ್ಕ್ ಸಿಗುತ್ತಿತ್ತು. "ಚಿಕ್ಕಮ್ಮ, ಗೂಗಲ್‌ನಲ್ಲಿ ಬ್ಯಾಂಕಿನ ನಂಬರ್ ಸಿಕ್ಕಿತು, ಕರೆ ಮಾಡಲೇ?" ಎಂದು ತೋರಿಸಿದ. ನೋಡಿದರೆ ಬ್ಯಾಂಕಿನ ಹೆಸರು, ಅದರ ಕೆಳಗೆ ಯಾರದೋ ಹತ್ತಂಕಿಯ ಮೊಬೈಲ್ ಸಂಖ್ಯೆ. ನನಗೆ ತಾಳ್ಮೆ ಇರಲಿಲ್ಲ, ಆದರೂ ಆ ಸಂಖ್ಯೆಯನ್ನು ನೋಡಿ ಕೈ ತಡೆಯಿತು. ಇಷ್ಟು ದೊಡ್ಡ ಬ್ಯಾಂಕಿನ ಸಹಾಯವಾಣಿ ಯಾರದೋ ಜೇಬಿನ ಮೊಬೈಲ್ ಆಗಿರಲು ಹೇಗೆ ಸಾಧ್ಯ? "ಬೇಡ, ಮನೆಗೆ ಹೋಗೋಣ. ಕಾರ್ಡಿನ ಹಿಂಬದಿಯಲ್ಲಿ ನಂಬರ್ ಇದೆ" ಎಂದೆ. ಹಣ ಕಳೆದುಕೊಂಡು ಕಂಗಾಲಾದವರು ಹೀಗೆಯೇ ಹುಡುಕುತ್ತಾರೆ ಎಂದು ವಂಚಕರಿಗೆ ಗೊತ್ತಿದೆ; ಅದಕ್ಕೇ ಅಂತಹ ಸುಳ್ಳು ಸಹಾಯವಾಣಿಗಳನ್ನು ಅಲ್ಲಿ ಬಿತ್ತಿರುತ್ತಾರೆ. ಆ ರಾತ್ರಿ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ, ಆ ಸಂಖ್ಯೆಗೆ ಕರೆ ಮಾಡದೆ ಇದ್ದದ್ದು.

ಜನರ ಹೊಳೆಗೆ ಎದುರಾಗಿ ನಡೆದೆವು. ಹತ್ತು ನಿಮಿಷದ ದಾರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಮನೆಯಲ್ಲಿ ಮಾವ ಎಚ್ಚರವಾಗಿ ಟಿ.ವಿ.ಯಲ್ಲಿ ಮೆರವಣಿಗೆಯ ನೇರಪ್ರಸಾರ ನೋಡುತ್ತಿದ್ದರು. ಅವರಿಗೆ ಎಂಬತ್ತೊಂದು ವರ್ಷ. ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ ಮ್ಯಾನೇಜರ್ ಆಗಿ ನಿವೃತ್ತರಾದವರು. ನಾನು ಏದುಸಿರು ಬಿಡುತ್ತ ಹೇಳಿದ್ದನ್ನು ಕೇಳಿ, "ಮೊದಲು ಬಾಗಿಲು ಹಾಕಮ್ಮ. ಕಳ್ಳ ಯಾರು, ಎಲ್ಲಿಂದ ಬಂದ ಎಂಬುದನ್ನು ಆಮೇಲೆ ನೋಡೋಣ" ಎಂದರು. ಒಂದು ನೋಟ್‌ಪುಸ್ತಕ ತೆಗೆದು ಎದುರು ಕುಳಿತರು. ನಾನು ಕರೆ ಮಾಡುತ್ತಿದ್ದಂತೆ ಅವರು ಗಂಟೆ, ನಿಮಿಷ, ಮಾತನಾಡಿದವರ ಹೆಸರು, ದೂರಿನ ಸಂಖ್ಯೆ ಎಲ್ಲವನ್ನೂ ಬರೆದುಕೊಳ್ಳುತ್ತ ಹೋದರು.

ಕಾರ್ಡಿನ ಹಿಂಬದಿಯ ಸಂಖ್ಯೆಗೆ ಕರೆ ಮಾಡಿ, ಯಂತ್ರದ ದನಿ ಹೇಳಿದ ಗುಂಡಿಗಳನ್ನು ಒತ್ತಿ, 2.07ಕ್ಕೆ ಕಾರ್ಡನ್ನು ನಿರ್ಬಂಧಿಸಿದೆ. 2.11ಕ್ಕೆ ಇನ್ನೊಂದು ಸಂದೇಶ ಬಂತು: 600 ಡಾಲರಿನ ವ್ಯವಹಾರ ತಿರಸ್ಕೃತವಾಗಿದೆ, ಏಕೆಂದರೆ ಕಾರ್ಡ್ ನಿರ್ಬಂಧದಲ್ಲಿದೆ. ನಾಲ್ಕು ನಿಮಿಷ! ಜೋಡುಕಟ್ಟೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಯೋಚಿಸುತ್ತ ನಿಂತಿದ್ದರೆ ಮತ್ತೆ ಐವತ್ತು ಸಾವಿರ ಹೋಗುತ್ತಿತ್ತು. ಇಂದಿಗೂ ಆ ಸಂದೇಶವನ್ನು ಅಳಿಸದೆ ಇಟ್ಟುಕೊಂಡಿದ್ದೇನೆ.

ನಂತರ ಗ್ರಾಹಕ ಸೇವೆಯ ವ್ಯಕ್ತಿಯೊಂದಿಗೆ ಮಾತನಾಡಿ, ಮೂರು ವ್ಯವಹಾರಗಳನ್ನೂ ನಾನು ಮಾಡಿಲ್ಲ ಎಂದು ದಾಖಲಿಸಿ ದೂರಿನ ಸಂಖ್ಯೆ ಪಡೆದೆ. ಬಳಿಕ 1930. ಇದು ಸೈಬರ್ ಆರ್ಥಿಕ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಮೂರನೆಯ ಸಲಕ್ಕೆ ಕರೆ ಸಿಕ್ಕಿತು. ಅವರು ಕಾರ್ಡಿನ ಪೂರ್ತಿ ಸಂಖ್ಯೆ ಕೇಳಲಿಲ್ಲ, ಗುಟ್ಟಿನದು ಏನನ್ನೂ ಕೇಳಲಿಲ್ಲ. ಬ್ಯಾಂಕು ಯಾವುದು, ಎಷ್ಟು ಹೊತ್ತಿಗೆ, ಎಷ್ಟು ಹಣ, ವ್ಯವಹಾರದ ಸಂಖ್ಯೆ ಏನು ಎಂದಷ್ಟೇ ಕೇಳಿ ಒಂದು ಸ್ವೀಕೃತಿ ಸಂಖ್ಯೆ ಕೊಟ್ಟರು. ಅದನ್ನು ಹಿಡಿದು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿ ಪೂರ್ಣ ದೂರು ಸಲ್ಲಿಸಲು ಹೇಳಿದರು. ನಸುಕಿನ ನಾಲ್ಕು ಗಂಟೆಗೆ ಅದನ್ನೂ ಮುಗಿಸಿದೆ. ಹೊರಗೆ ಮೆರವಣಿಗೆ ರಥಬೀದಿಯ ಕಡೆಗೆ ಸಾಗುತ್ತಿತ್ತು. ಆ ವರ್ಷದ ಪರ್ಯಾಯವನ್ನು ನಾನು ಕಣ್ಣಾರೆ ನೋಡಲಿಲ್ಲ.

ಬೆಳಿಗ್ಗೆ ಎಲ್ಲರೂ ಕೇಳಿದ್ದು ಒಂದೇ ಮಾತು: "ಒಟಿಪಿ ಯಾರಿಗಾದರೂ ಹೇಳಿದೆಯಾ?" ನೆಂಟರು ಕೇಳಿದರು, 19ರಂದು ಬ್ಯಾಂಕಿನ ಶಾಖೆಗೆ ಹೋದಾಗ ಅಲ್ಲಿಯ ಕಿರಿಯ ಅಧಿಕಾರಿಯೂ ಅದನ್ನೇ ಮೊದಲು ಕೇಳಿದರು. ನನಗೆ ಒಟಿಪಿ ಬಂದೇ ಇರಲಿಲ್ಲ. ಒಟಿಪಿ ಇಲ್ಲದೆ ಹಣ ಹೋಗುವುದಿಲ್ಲ ಎಂದೇ ನಾನೂ ನಂಬಿದ್ದೆ, ತರಗತಿಯಲ್ಲಿ ಮಕ್ಕಳಿಗೂ ಹಾಗೆಯೇ ಹೇಳಿದ್ದೆ. ಆ ನಂಬಿಕೆ ಅರ್ಧ ಮಾತ್ರ ಸರಿ. ಆನ್‌ಲೈನ್‌ನಲ್ಲಿ ಕಾರ್ಡ್ ಬಳಸುವಾಗ ಒಟಿಪಿಯಂಥ ಎರಡನೆಯ ದೃಢೀಕರಣ ಬೇಕೆಂಬ ನಿಯಮವನ್ನು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್ 1ರಿಂದ ಜಾರಿಗೆ ತಂದಿತು. ನಮ್ಮ ದೇಶದ ಅಂಗಡಿಗಳಿಗೆ ಅದು ಅನ್ವಯ. ಹೊರದೇಶದ ಅಂಗಡಿಯನ್ನು ಆ ನಿಯಮ ಕಟ್ಟಿಹಾಕಿರಲಿಲ್ಲ. ಅಲ್ಲಿ ಕಾರ್ಡಿನ ಹದಿನಾರು ಅಂಕೆ, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರಂಕಿಯ ಸಿವಿವಿ ಇಷ್ಟಿದ್ದರೆ ಹಣ ಸಾಗಿಹೋಗುತ್ತಿತ್ತು; ಕೆಲವು ಕಡೆ ಸಿವಿವಿಯನ್ನೂ ಕೇಳುವುದಿಲ್ಲ. ಮುಂಬಾಗಿಲಿಗೆ ಗಟ್ಟಿ ಬೀಗ ಹಾಕಿ, ಹಿತ್ತಿಲ ಬಾಗಿಲನ್ನು ಓರೆ ಮಾಡಿಟ್ಟು ಮಲಗಿದ ಹಾಗೆ ನಮ್ಮ ಸ್ಥಿತಿ.

ಹಿತ್ತಿಲ ಬಾಗಿಲನ್ನು ತೆರೆದದ್ದು ನಾನೇ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ ಹೊಸ ಕಾರ್ಡುಗಳಲ್ಲಿ ಆನ್‌ಲೈನ್ ಮತ್ತು ವಿದೇಶಿ ಬಳಕೆ ಮೊದಲು ಮುಚ್ಚಿಯೇ ಇರುತ್ತದೆ. ಬೇಕಾದವರು ಆ್ಯಪ್‌ನಲ್ಲಿ ಸ್ವಿಚ್ ಒತ್ತಿ ತೆರೆಯಬೇಕು, ಬೇಡವಾದಾಗ ಮುಚ್ಚಬಹುದು, ಮಿತಿಯನ್ನೂ ತಾವೇ ಇಡಬಹುದು. 2023ರ ಆಗಸ್ಟಿನಲ್ಲಿ ಮಗಳ ಇಂಗ್ಲಿಷ್ ಪರೀಕ್ಷೆಯ ಶುಲ್ಕ ಕಟ್ಟಲು ನಾನು ಆ ಸ್ವಿಚ್ ಒತ್ತಿದ್ದೆ. ಮತ್ತೆ ಬೇಕಾಗುತ್ತದೆ, ಇರಲಿ ಎಂದು ಹಾಗೆಯೇ ಬಿಟ್ಟಿದ್ದೆ. ಐದು ತಿಂಗಳು ಅದು ತೆರೆದೇ ಇತ್ತು, ಕಾರ್ಡಿನ ಪೂರ್ಣ ಮಿತಿಯೊಂದಿಗೆ.

ಶಾಖೆಯಲ್ಲಿ ಆ ಕಿರಿಯ ಅಧಿಕಾರಿ ತಕರಾರು ಅರ್ಜಿಯ ನಮೂನೆ ಕೊಟ್ಟರು. ಜೊತೆಗೆ ನಾನೇ ಕೈಯಲ್ಲಿ ಬರೆದ ಎರಡು ಪುಟದ ದೂರನ್ನೂ ಕೊಟ್ಟೆ. "ಫೋನಿನಲ್ಲಿ ದೂರು ಕೊಟ್ಟಿದ್ದೀರಲ್ಲ ಮೇಡಂ, ಇದೇನೂ ಬೇಕಾಗಿಲ್ಲ" ಎಂದರು. ಮಾವ ಜೊತೆಗೆ ಬಂದಿದ್ದರು. "ಇರಲಿ, ಪ್ರತಿಯೊಂದರ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಕೊಡಿ" ಎಂದು ಮೆತ್ತಗೆ, ಆದರೆ ಕದಲದೆ ಹೇಳಿದರು. ಮೊಹರು ಬಿತ್ತು. ಆ ಕಾಗದದ ಬೆಲೆ ಏನೆಂದು ಎರಡು ತಿಂಗಳ ನಂತರ ಅರ್ಥವಾಯಿತು.

ಹೊರಗೆ ಬಂದ ಮೇಲೆ ಮಾವ ಹಳೆಯ ಮಾತೊಂದನ್ನು ತೆಗೆದರು. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, ಅದೇ ವರ್ಷ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್. ಬ್ಯಾಂಕುಗಳನ್ನು ಹೆತ್ತ ಜಿಲ್ಲೆಗಳಿವು. ಸಿಂಡಿಕೇಟ್‌ನ ಪಿಗ್ಮಿ ಯೋಜನೆ 1928ರಲ್ಲಿ ಆರಂಭವಾದಾಗ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದರು. "ನನ್ನ ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೆ ಪಿಗ್ಮಿಯವರು ಪುಸ್ತಕದಲ್ಲಿ ಬರೆದು ಹೋದ ಮೇಲೆ ನನ್ನನ್ನು ಕರೆದು ಓದಿಸುತ್ತಿದ್ದರು. ಅವರ ಮೇಲೆ ಸಂಶಯ ಇತ್ತೆಂದಲ್ಲ. ಲೆಕ್ಕ ಅಂದಿನದನ್ನು ಅಂದೇ ನೋಡಬೇಕು ಎಂದು" ಎಂದರು ಮಾವ. ನಾನು ತಿಂಗಳಿಗೊಮ್ಮೆ ಬರುವ ಬಿಲ್ಲನ್ನು ಸಹ ಕೊನೆಯ ಮೊತ್ತ ಮಾತ್ರ ನೋಡಿ ಕಟ್ಟುತ್ತಿದ್ದವಳು.

ಸೋಮವಾರ, ಅಂದರೆ 22ರಂದು ಮಧ್ಯಾಹ್ನ ಒಂದು ಕರೆ ಬಂತು. ಶುದ್ಧ ಕನ್ನಡ, ವಿನಯದ ದನಿ. "ನಿಮ್ಮ ಕಾರ್ಡಿನ ವಂಚನೆಯ ದೂರಿನ ಬಗ್ಗೆ ಮಾತನಾಡುತ್ತಿದ್ದೇನೆ ಮೇಡಂ. ಹಣ ಹಿಂತಿರುಗಿಸಲು ಮಂಜೂರಾಗಿದೆ" ಎಂದರು. ಕಾರ್ಡಿನ ಕೊನೆಯ ನಾಲ್ಕು ಅಂಕೆಗಳನ್ನು ಅವರೇ ಹೇಳಿದರು. ಮೊತ್ತವನ್ನೂ ಹೇಳಿದರು. ಆ ಕ್ಷಣದ ನನ್ನ ನೆಮ್ಮದಿಯನ್ನು ಹೇಗೆ ವರ್ಣಿಸಲಿ! ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. "ಈಗ ನಿಮಗೊಂದು ಒಟಿಪಿ ಬರುತ್ತದೆ, ಹೇಳಿದರೆ ಹಣ ಜಮಾ ಆಗುತ್ತದೆ" ಎಂದರು. ಒಟಿಪಿ ಬಂತು.

ಸಾಮಾನ್ಯವಾಗಿ ನಾವು ಆ ಸಂದೇಶದಲ್ಲಿ ಆರು ಅಂಕೆಗಳನ್ನು ಮಾತ್ರ ನೋಡುತ್ತೇವೆ. ಅಂದು ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ. "ಹೊಸ ಮೊಬೈಲಿನಲ್ಲಿ ನಿಮ್ಮ ಬ್ಯಾಂಕಿಂಗ್ ಆ್ಯಪ್ ನೋಂದಾಯಿಸಲು ಈ ಸಂಖ್ಯೆ" ಎಂಬ ಅರ್ಥದ ಸಾಲು ಅಲ್ಲಿತ್ತು. ಅಂಕೆಗಳನ್ನು ಹೇಳಿದ್ದರೆ ನನ್ನ ಉಳಿತಾಯ ಖಾತೆಯೇ ಅವರ ಕೈಗೆ ಹೋಗುತ್ತಿತ್ತು. ಮಾತನಾಡದೆ ಕರೆ ಕಡಿದೆ. ಕೈ ನಡುಗುತ್ತಿತ್ತು. ಕಾರ್ಡಿನ ಹಿಂದಿನ ಸಂಖ್ಯೆಗೇ ಕರೆ ಮಾಡಿ ಕೇಳಿದಾಗ, ಅಂತಹ ಕರೆಯನ್ನು ತಾವು ಮಾಡಿಲ್ಲ, ಹಣ ಹಿಂದಿರುಗಿಸಲು ಒಟಿಪಿ ಬೇಕಾಗುವುದೇ ಇಲ್ಲ ಎಂದರು. ಕಾರ್ಡ್ ಕದ್ದವರಿಗೆ ಮೊತ್ತವೂ ಗೊತ್ತು, ಅಂಕೆಗಳೂ ಗೊತ್ತು, ಆದುದರಿಂದ ಅವುಗಳನ್ನು ಹೇಳಿದ ಮಾತ್ರಕ್ಕೆ ಎದುರಿನವರು ಬ್ಯಾಂಕಿನವರಾಗುವುದಿಲ್ಲ. ಒಮ್ಮೆ ಪೆಟ್ಟು ತಿಂದವರ ಬಳಿಗೆ ಔಷಧಿಯ ವೇಷದಲ್ಲಿ ಎರಡನೆಯ ಪೆಟ್ಟು ಬರುತ್ತದೆ ಎಂಬುದನ್ನು ಹಣ ಕಳೆದುಕೊಂಡ ಪ್ರತಿಯೊಬ್ಬರಿಗೂ ಯಾರಾದರೂ ಮೊದಲೇ ಹೇಳಬೇಕು.

ಸೆನ್ ಠಾಣೆಗೂ ಹೋದೆ. ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೆಂದು ಜಿಲ್ಲೆಯಲ್ಲಿರುವ ಪೊಲೀಸ್ ಠಾಣೆ ಅದು. ಹೋಗುವ ಮೊದಲು ಅಳುಕಿತ್ತು. ಅಲ್ಲಿದ್ದ ಸಿಬ್ಬಂದಿ ಸಂದೇಶಗಳ ಚಿತ್ರ, ಕಾರ್ಡಿನ ಲೆಕ್ಕಪಟ್ಟಿ, 1930ರ ಸ್ವೀಕೃತಿ ಸಂಖ್ಯೆ ಎಲ್ಲವನ್ನೂ ತಾಳ್ಮೆಯಿಂದ ನೋಡಿದರು. ಮಾವ ಬರೆದಿದ್ದ ಪುಟವನ್ನು ನೋಡಿ, "ಇಷ್ಟು ಸರಿಯಾಗಿ ಸಮಯ ಬರೆದುಕೊಂಡು ಬರುವವರು ಕಡಿಮೆ" ಎಂದರು.

ನನ್ನ ಕಾರ್ಡಿನ ವಿವರ ಹೊರಗೆ ಹೋದದ್ದು ಎಲ್ಲಿಂದ? ಈ ಪ್ರಶ್ನೆ ರಾತ್ರಿಗಳನ್ನು ತಿಂದಿತು. ಹುಡುಕುತ್ತ ಹೋದಾಗ ಒಂದಲ್ಲ, ಮೂರು ತೂತುಗಳು ಕಂಡವು. ಒಂದು, ಮಗಳಿಗೆ ಶುಲ್ಕ ಕಟ್ಟಲೆಂದು ಕಾರ್ಡಿನ ಎರಡೂ ಬದಿಯ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದೆ. ಅದು ಅವಳ ಮೊಬೈಲಿನಲ್ಲೂ ನನ್ನ ಮೊಬೈಲಿನ ಚಿತ್ರಗಳ ನಡುವೆಯೂ, ಅಲ್ಲಿಂದ ಅಂತರ್ಜಾಲದ ಸಂಗ್ರಹದಲ್ಲೂ ಹಾಗೆಯೇ ಇತ್ತು. ಎರಡು, ವಿದೇಶದ ಜಾಲತಾಣಗಳಲ್ಲಿ ಕಾರ್ಡನ್ನು ಉಳಿಸಿಟ್ಟಿದ್ದೆ. ನಮ್ಮ ದೇಶದ ಅಂಗಡಿಗಳು 2022ರ ಅಕ್ಟೋಬರ್ 1ರಿಂದ ಕಾರ್ಡಿನ ನಿಜ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ, ಬದಲಿಗೆ ಟೋಕನ್ ಎಂಬ ಬದಲಿ ಸಂಖ್ಯೆ ಇರುತ್ತದೆ. ಆ ಟೋಕನ್ ಆ ಅಂಗಡಿಯ ಆಚೆಗೆ ಕಳ್ಳನಿಗೆ ಉಪಯೋಗಕ್ಕೆ ಬರುವುದಿಲ್ಲ. ಹೊರದೇಶದ ಅಂಗಡಿಗೆ ಆ ಕಟ್ಟುಪಾಡು ಇಲ್ಲ.

ಮೂರನೆಯದನ್ನು ಹೇಳಲು ಇಂದಿಗೂ ಕಷ್ಟವಾಗುತ್ತದೆ. 2023ರ ಅಕ್ಟೋಬರಿನಲ್ಲಿ, ನವರಾತ್ರಿಯ ಸಮಯದಲ್ಲಿ, ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡಿತು. ಕೈಮಗ್ಗದ ಸೀರೆ, 649 ರೂಪಾಯಿ. ಉಡುಪಿ ಸೀರೆಯ ನೂಲು, ಅಂಚು ಬಲ್ಲ ನಾನು ಆ ಬೆಲೆಗೆ ಕೈಮಗ್ಗದ ಸೀರೆ ಬರುವುದಿಲ್ಲ ಎಂದು ತಿಳಿಯದವಳಲ್ಲ. ಅತ್ತಿಗೆಗೆ ಕೊಡಬಹುದು ಎಂದು ಕೊಂಡೆ. ಮೇಲೆ ಜಾಲತಾಣದ ವಿಳಾಸ ಕಾಣುವ ಪಟ್ಟಿಯಲ್ಲಿ ಬೀಗದ ಗುರುತೂ ಇತ್ತು. ಆ ಗುರುತು ಹೇಳುವುದು ಇಷ್ಟೇ: ನೀವು ಬರೆದದ್ದನ್ನು ದಾರಿಯಲ್ಲಿ ಬೇರೆಯವರು ಓದಲಾರರು. ಆ ತುದಿಯಲ್ಲಿ ಕುಳಿತವರು ಪ್ರಾಮಾಣಿಕರೇ ಎಂಬುದನ್ನು ಅದು ಹೇಳುವುದಿಲ್ಲ. ವಂಚಕರ ತಾಣಕ್ಕೂ ಅದು ಸುಲಭವಾಗಿ ಸಿಗುತ್ತದೆ. ಅಂಕೆಗಳನ್ನು ತುಂಬಿದೆ, 649 ರೂಪಾಯಿಗೆ ಬಂದ ಒಟಿಪಿ ಹಾಕಿದೆ. ಸೀರೆ ಬರಲಿಲ್ಲ. ಸಣ್ಣ ಹಣ, ಯಾರಲ್ಲಾದರೂ ಹೇಳಿದರೆ ಮರ್ಯಾದೆ ಹೋಗುತ್ತದೆ ಎಂದು ಸುಮ್ಮನಾದೆ. ಕಾರ್ಡನ್ನು ಅಂದೇ ಬದಲಿಸಿದ್ದರೆ ಜನವರಿಯ ರಾತ್ರಿ ಬಹುಶಃ ಬರುತ್ತಿರಲಿಲ್ಲ. ಖಚಿತವಾಗಿ ಅದೇ ಕಾರಣ ಎಂದು ಹೇಳಲಾರೆ, ಆದರೆ ನನ್ನ ಅನುಮಾನ ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಬ್ಯಾಂಕಿಗೆ ಕೊಟ್ಟ ದೂರಿನಲ್ಲಿ ಇದನ್ನೂ ಬರೆದಿದ್ದೆ. ಮಗಳು ಬೇಸರಪಟ್ಟಳು: "ಅದನ್ನು ಯಾಕೆ ಬರೆದೆ ಅಮ್ಮಾ? ಅದನ್ನೇ ಹಿಡಿದುಕೊಂಡು ಹಣ ಕೊಡುವುದಿಲ್ಲ ಎನ್ನುತ್ತಾರೆ." ಅವಳು ಹೇಳಿದ ಹಾಗೆಯೇ ಆಯಿತು. ಆದರೂ ಬರೆದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ನ್ಯಾಯ ಕೇಳುವ ಕಾಗದದಲ್ಲಿ ಅರ್ಧವನ್ನು ಬಚ್ಚಿಟ್ಟು ಬರೆಯಲು ನನ್ನಿಂದಾಗುವುದಿಲ್ಲ.

ಜನವರಿ 30ರಂದು ಮೂರೂ ವ್ಯವಹಾರಗಳ ಹಣ ತಾತ್ಕಾಲಿಕವಾಗಿ ಕಾರ್ಡಿನ ಲೆಕ್ಕಕ್ಕೆ ಜಮಾ ಆಯಿತು. ಇದು ಬ್ಯಾಂಕಿನ ಕೃಪೆಯಲ್ಲ. ಆಗ ಜಾರಿಯಲ್ಲಿದ್ದ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೀಗಿತ್ತು: ತನ್ನದಲ್ಲದ ವ್ಯವಹಾರದ ಬಗ್ಗೆ ಗ್ರಾಹಕರು ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ಆ ಹಣವನ್ನು ತಾತ್ಕಾಲಿಕವಾಗಿ ಜಮಾ ಮಾಡಬೇಕು, ತೊಂಬತ್ತು ದಿನಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕು. ತಪ್ಪು ಗ್ರಾಹಕರದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯ ಕಡೆಯದು ಎಂದಾದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಹೊಣೆ ಸೊನ್ನೆ. ಸಂದೇಶ ಬಂದ ದಿನವನ್ನು ಬಿಟ್ಟು ದಿನ ಎಣಿಸಬೇಕು. ನಾಲ್ಕರಿಂದ ಏಳು ಕೆಲಸದ ದಿನವಾದರೆ ಸ್ವಲ್ಪ ಹೊಣೆ ನಮ್ಮ ಮೇಲೆ ಬರುತ್ತದೆ. 5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ಅದು ಹೆಚ್ಚೆಂದರೆ 10,000 ರೂಪಾಯಿ. ಏಳು ದಿನ ದಾಟಿದರೆ ಬ್ಯಾಂಕಿನ ನೀತಿ ಹೇಳಿದಂತೆ. ಗ್ರಾಹಕರೇ ಗುಟ್ಟಿನ ವಿವರವನ್ನು ಕೊಟ್ಟು ಆದ ನಷ್ಟ ಮಾತ್ರ ಬ್ಯಾಂಕಿಗೆ ತಿಳಿಸುವ ತನಕ ಪೂರ್ತಿ ಗ್ರಾಹಕರದು. ತಿಳಿಸಿದ ನಂತರದ ನಷ್ಟ ಬ್ಯಾಂಕಿನದು. ಈ ಸುತ್ತೋಲೆಯನ್ನು ನಾನು ಮುದ್ರಿಸಿ, ಸಾಲುಗಳ ಕೆಳಗೆ ಗೆರೆ ಎಳೆದು ಓದಿದೆ. ಹಣ ಜಮಾ ಆದದ್ದರಿಂದ ಫೆಬ್ರುವರಿಯ ಬಿಲ್ಲು ಸರಿಯಾಗಿಯೇ ಬಂತು. ವಂಚನೆ ಎಂದು ತಕರಾರು ಹಾಕಿದ ಮೊತ್ತದ ಮೇಲೆ ಅದು ಇತ್ಯರ್ಥವಾಗುವವರೆಗೆ ಶುಲ್ಕ ಹೇರುವಂತಿಲ್ಲ ಎಂಬ ನಿಯಮವೂ 2022ರಿಂದ ಇದೆ. ನನ್ನ ನಿಜವಾದ ಖರ್ಚನ್ನು ಮಾತ್ರ ಅವಧಿಯೊಳಗೆ ಕಟ್ಟಿದೆ. ತಕರಾರಿನ ಸಿಟ್ಟಿನಲ್ಲಿ ಪೂರ್ತಿ ಬಿಲ್ಲನ್ನೇ ಕಟ್ಟದೆ ಕೂತರೆ ಬಡ್ಡಿ ಏರುತ್ತದೆ.

ಮಾರ್ಚ್ 8ರಂದು ಬ್ಯಾಂಕಿನಿಂದ ಮಿಂಚಂಚೆ ಬಂತು. ವ್ಯವಹಾರಗಳಲ್ಲಿ ಸರಿಯಾದ ಕಾರ್ಡ್ ಸಂಖ್ಯೆ, ಅವಧಿ, ಸಿವಿವಿ ಬಳಕೆಯಾಗಿವೆ. ವಿವರಗಳನ್ನು ಅಪರಿಚಿತ ಜಾಲತಾಣಕ್ಕೆ ಕೊಟ್ಟಿರುವುದಾಗಿ ನೀವೇ ಒಪ್ಪಿದ್ದೀರಿ. ಆದ್ದರಿಂದ ನಷ್ಟ ನಿಮ್ಮದು, ಜಮಾ ಮಾಡಿದ ಹಣವನ್ನು ಹಿಂದಕ್ಕೆ ಪಡೆಯುತ್ತೇವೆ ಎಂದಿತ್ತು. ಅಂದು ಅತ್ತುಬಿಟ್ಟೆ. ಹಣಕ್ಕಿಂತ ಹೆಚ್ಚಾಗಿ, ನನ್ನ ಸತ್ಯವನ್ನೇ ನನ್ನ ವಿರುದ್ಧ ಸಾಕ್ಷಿ ಮಾಡಿದರಲ್ಲ ಎಂದು.

ಮಾವ ಕನ್ನಡಕ ಹಾಕಿಕೊಂಡು ಪತ್ರವನ್ನು ಎರಡು ಸಲ ಓದಿದರು. "ಇದು ಕೊನೆಯ ಮಾತಲ್ಲ. ಬರೆ" ಎಂದರು. ಅಂದು ರಾತ್ರಿ ಇಬ್ಬರೂ ಕೂತು ಉತ್ತರ ಬರೆದೆವು. ಗ್ರಾಹಕರ ಹೊಣೆಯನ್ನು ಸಾಬೀತುಪಡಿಸಬೇಕಾದದ್ದು ಬ್ಯಾಂಕು, ತನ್ನ ನಿರಪರಾಧವನ್ನು ಗ್ರಾಹಕಿ ಸಾಬೀತುಪಡಿಸಬೇಕಿಲ್ಲ ಎಂದು ಆ ಸುತ್ತೋಲೆಯೇ ಹೇಳಿತ್ತು. ಅದನ್ನು ಮೊದಲಿಗೆ ಇಟ್ಟೆವು. ನಾನು ಒಂದು ಅಂಗಡಿಗೆ 649 ರೂಪಾಯಿ ಕೊಡಲು ಒಪ್ಪಿ, ಅಷ್ಟಕ್ಕೆ ಮಾತ್ರ ಒಟಿಪಿ ಹಾಕಿದ್ದೇನೆ. 398 ಡಾಲರಿಗೆ ಒಪ್ಪಿಗೆಯನ್ನು ಯಾರಿಗೂ ಕೊಟ್ಟಿಲ್ಲ, ಅಂಥ ಒಪ್ಪಿಗೆಯನ್ನು ನನ್ನಿಂದ ಯಾರೂ ಕೇಳಿಯೂ ಇಲ್ಲ. ಸಂದೇಶಗಳು ಕೈಸೇರಿದ ಅರ್ಧ ಗಂಟೆಯೊಳಗೆ ಕಾರ್ಡ್ ನಿರ್ಬಂಧಿಸಿದ್ದೇನೆ, ಇಗೋ ಸಮಯ. ಎರಡನೆಯ ದೃಢೀಕರಣವಿಲ್ಲದೆ ಹಣ ಪಡೆದ ವಿದೇಶದ ಅಂಗಡಿಯಿಂದ ಹಣ ವಾಪಸ್ ಕೇಳಲು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲದ ಚಾರ್ಜ್‌ಬ್ಯಾಕ್ ವ್ಯವಸ್ಥೆ ಇದೆ, ಅಂಥ ವ್ಯವಹಾರದಲ್ಲಿ ವಂಚನೆಯ ಹೊರೆ ಸಾಮಾನ್ಯವಾಗಿ ಅಂಗಡಿಯ ಮೇಲೆಯೇ ಬೀಳುತ್ತದೆ. ಆ ದಾರಿಯಲ್ಲಿ ನೀವು ಏನು ಮಾಡಿದ್ದೀರಿ ಎಂದು ಕೇಳಿದೆವು. ಮೊಹರು ಬಿದ್ದ ದೂರಿನ ಪ್ರತಿ, 1930ರ ಸ್ವೀಕೃತಿ, ಮಾವನ ನೋಟ್‌ಪುಸ್ತಕದ ಪುಟ ಎಲ್ಲವನ್ನೂ ಲಗತ್ತಿಸಿದೆವು. ದೂರುಗಳ ಹೊಣೆ ಹೊತ್ತ ಬ್ಯಾಂಕಿನ ನೋಡಲ್ ಅಧಿಕಾರಿಗೆ ಕಳುಹಿಸಿ, ಮೂವತ್ತು ದಿನಗಳೊಳಗೆ ತೃಪ್ತಿಕರ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡುತ್ತೇನೆ ಎಂದು ಕೊನೆಗೆ ಬರೆದೆ. ಆ ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಡ.

ಏಪ್ರಿಲ್ 2ರಂದು ಎರಡು ಸಾಲಿನ ಉತ್ತರ ಬಂತು. ಚಾರ್ಜ್‌ಬ್ಯಾಕ್ ಅಂಗೀಕೃತವಾಗಿದೆ, ಜಮಾ ಮಾಡಿದ ಹಣ ಕಾಯಂ. ಮಾವನಿಗೆ ಓದಿ ಹೇಳಿದೆ. ಅವರು ನೋಟ್‌ಪುಸ್ತಕ ತೆಗೆದು, ಜನವರಿ 17ರ ಪುಟದ ಅಡಿಯಲ್ಲಿ ದಿನಾಂಕ ಹಾಕಿ "ಸಂದಿದೆ" ಎಂದು ಬರೆದರು.

ಈಗ ನನ್ನ ಕಾರ್ಡಿನ ವಿದೇಶಿ ಸ್ವಿಚ್ ಸದಾ ಮುಚ್ಚಿರುತ್ತದೆ. ಮಗಳಿಗೆ ಶುಲ್ಕ ಕಟ್ಟುವಾಗ ತೆರೆದು, ಆ ಮೊತ್ತಕ್ಕೆ ಮಾತ್ರ ಮಿತಿ ಇಟ್ಟು, ಹಣ ಸಂದಾಯವಾದೊಡನೆ ಮುಚ್ಚುತ್ತೇನೆ. ಆನ್‌ಲೈನ್ ಖರೀದಿಗೆ ಇಪ್ಪತ್ತು ಸಾವಿರದ ಮಿತಿಯ ಬೇರೆ ಕಾರ್ಡ್ ಇದೆ. ಕಾರ್ಡಿನ ಫೋಟೊಗಳನ್ನು ಎಲ್ಲ ಕಡೆಯಿಂದಲೂ ಅಳಿಸಿದ್ದೇವೆ. ಬ್ಯಾಂಕಿನ ಸಹಾಯವಾಣಿಯ ಸಂಖ್ಯೆ ಮೊಬೈಲಿನಲ್ಲೂ ಇದೆ, ಕೈಚೀಲದ ಸಣ್ಣ ಪುಸ್ತಕದಲ್ಲೂ ಇದೆ. ಯಾವ ಸಂದೇಶದ ಕೊಂಡಿಯನ್ನೂ ಒತ್ತಿ ಬ್ಯಾಂಕಿನ ತಾಣಕ್ಕೆ ಹೋಗುವುದಿಲ್ಲ. ವಿಳಾಸವನ್ನು ಬಲತುದಿಯಿಂದ ಓದಲು ಕಲಿತಿದ್ದೇನೆ, ಏಕೆಂದರೆ ತಾಣದ ನಿಜವಾದ ಒಡೆತನ ತಿಳಿಯುವುದು, ಆರಂಭದ ಜೋಡಿ ಓರೆಗೆರೆಯನ್ನು ಬಿಟ್ಟು ಮೊದಲು ಸಿಗುವ ಒಂಟಿ ಓರೆಗೆರೆಯ (/) ಹಿಂದೆಯೇ ಇರುವ ಡಾಟ್ ಕಾಮ್‌ನಂಥ ಬಾಲ ಮತ್ತು ಅದಕ್ಕೆ ತಾಗಿದ ಹೆಸರಿನಲ್ಲಿ. ಅದರ ಎಡಕ್ಕೆ ಯಾವ ಬ್ಯಾಂಕಿನ ಹೆಸರನ್ನಾದರೂ ಯಾರು ಬೇಕಾದರೂ ಅಂಟಿಸಬಹುದು. ನಮ್ಮ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ತಾಣಗಳನ್ನು ಬ್ಯಾಂಕ್ ಡಾಟ್ ಇನ್ ಎಂದು ಮುಗಿಯುವ ವಿಳಾಸಕ್ಕೆ ಒಯ್ಯಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ ಮೇಲೆ ಗುರುತಿಸುವುದು ಇನ್ನಷ್ಟು ಸುಲಭವಾಗಿದೆ. ಸಂಜೆ ಕಾಫಿಯ ನಂತರ ಐದು ನಿಮಿಷ ಅಂದಿನ ಲೆಕ್ಕ ನೋಡುತ್ತೇನೆ.

ಕಾಲೇಜಿನಲ್ಲಿ ಇದನ್ನೆಲ್ಲ ಮುಚ್ಚಿಡದೆ ಹೇಳಿದೆ. ಎರಡು ದಿನ ಬಿಟ್ಟು ಸಹೋದ್ಯೋಗಿಯೊಬ್ಬರು ಎಲ್ಲರೂ ಹೋದ ಮೇಲೆ ನನ್ನ ಮೇಜಿನ ಬಳಿ ಬಂದರು. ಅವರ ಕಾರ್ಡಿನಿಂದ 28 ಸಾವಿರ ಹೋಗಿ ಹದಿನೈದು ತಿಂಗಳಾಗಿತ್ತು. ಗಂಡನಿಗೂ ಹೇಳಿರಲಿಲ್ಲ, ಬ್ಯಾಂಕಿಗೂ ಹೇಳಿರಲಿಲ್ಲ. ತಿಂಗಳ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಕಟ್ಟಿ, ಬಡ್ಡಿಯನ್ನೂ ಕಟ್ಟಿ ತೀರಿಸಿದ್ದರು. "ಓದಿದವಳು ಹೀಗೆ ಮೋಸ ಹೋದಳು ಎಂದು ನಗುತ್ತಾರಲ್ಲ" ಎಂದರು. ನನಗೆ ವಂಚಕರ ಮೇಲೆ ಬಂದಷ್ಟೇ ಸಿಟ್ಟು ಆ ನಗುವಿನ ಮೇಲೂ ಬಂತು. "ಒಟಿಪಿ ಹೇಳಿದೆಯಾ?" ಎಂದು ಮೊದಲು ಕೇಳುವ ನಾವೆಲ್ಲರೂ "ಕಾರ್ಡ್ ನಿರ್ಬಂಧಿಸಿದೆಯಾ?" ಎಂದು ಮೊದಲು ಕೇಳಬಾರದೇ?

ಆ 649 ರೂಪಾಯಿಯ ಬಗ್ಗೆಯೂ ಕೊನೆಗೆ ಪ್ರತ್ಯೇಕ ದೂರು ಕೊಟ್ಟೆ. ಅದು ಹಿಂದಿರುಗಿ ಬಂದಿಲ್ಲ. ಆ ಸೀರೆ ಅಂಗಡಿಯ ತಾಣ ಮಾಯವಾಗಿದೆ. ಆದರೆ ಅವೇ ಸೀರೆಗಳ ಅವೇ ಚಿತ್ರಗಳು ಬೇರೆ ಹೆಸರಿನ ಅಂಗಡಿಯಲ್ಲಿ, ಅಷ್ಟೇ ಕಡಿಮೆ ಬೆಲೆಗೆ, ಹಬ್ಬದ ದಿನಗಳಲ್ಲಿ ನನ್ನ ಮೊಬೈಲಿನಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಕಂಡಾಗಲೆಲ್ಲ ನಿಂತು, ಇದು ವಂಚನೆ ಎಂದು ವರದಿ ಮಾಡುತ್ತೇನೆ. ಕಳೆದ ವಾರ ಮಾಡಿದ್ದು ಏಳನೆಯ ಸಲ.